ಒಂದು ಲೀಟರ್ ಪೆಟ್ರೋಲ್, ಒಂಬತ್ತು ಸಾವಿರ ಲೀಟರ್ ಗಾಳಿ

ಕಾರು ಪೆಟ್ರೋಲಿನಿಂದ ಓಡುತ್ತದೆ ಎನ್ನುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ ನಿಜ. ಉಳಿದ ಹದಿನೈದು ಪಾಲು ಗಾಳಿ. ಒಂದು ಕಿಲೋ ಪೆಟ್ರೋಲ್ ಹದವಾಗಿ ಉರಿಯಬೇಕಾದರೆ 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕಕ್ಕೆ ಬನ್ನಿ: ಒಂದು ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕಿಲೋ, ಅದಕ್ಕೆ ಬೇಕಾದ ಗಾಳಿ 11 ಕಿಲೋ. ಗಾಳಿ ಎಷ್ಟು ಹಗುರವೆಂದರೆ ಆ 11 ಕಿಲೋ ಕೂಡಿಸಲು ಮಂಗಳೂರಿನ ಕಡಲ ದಂಡೆಯಲ್ಲಿ 9,000 ಲೀಟರ್ ಬೇಕು. ಬೆಂಗಳೂರಿನ ಎತ್ತರದಲ್ಲಿ ಗಾಳಿ ತೆಳು, ಅಲ್ಲಿ ಹತ್ತಿರ ಹತ್ತಿರ 10,000 ಲೀಟರ್. ಮನುಷ್ಯ ದಿನವಿಡೀ ಒಳಗೆಳೆದುಕೊಳ್ಳುವ ಗಾಳಿ ಸುಮಾರು 11,000 ಲೀಟರ್. ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ಹೋಗಿ ಒಂದು ಲೀಟರ್ ಪೆಟ್ರೋಲ್ ಸುಟ್ಟಿರೋ, ಹೆಚ್ಚುಕಡಿಮೆ ನೀವು ಹಗಲೂ ರಾತ್ರಿ ಸೇರಿ ಉಸಿರಾಡುವಷ್ಟು ಗಾಳಿಯನ್ನು ನಿಮ್ಮ ಕಾರು ಒಂದೇ ಓಟದಲ್ಲಿ ನುಂಗಿ ಮುಗಿಸಿರುತ್ತದೆ.

ಆ ಅಷ್ಟೂ ಗಾಳಿ ನುಸುಳಿ ಬರುವುದು ಬಾನೆಟ್ಟಿನ ಕೆಳಗೆ ಕಪ್ಪು ಪ್ಲಾಸ್ಟಿಕ್ ಡಬ್ಬದಲ್ಲಿ ಮಲಗಿರುವ, ಕೆಲವು ನೂರು ರೂಪಾಯಿಯ ಒಂದು ಮಡಿಕೆ ಕಾಗದದ ಮೂಲಕ. ಅದನ್ನು ತೆಗೆದುಹಾಕಿ ಹಲವು ಸಾವಿರ ರೂಪಾಯಿಯ ಕೆಂಪು ಹತ್ತಿಯ ಫಿಲ್ಟರನ್ನೋ, ಅಣಬೆಯಾಕಾರದ ಸ್ಪಂಜನ್ನೋ, ಕಾರ್ಬನ್ ಫೈಬರಿನ ಹೊಳೆಯುವ ಡಬ್ಬವನ್ನೋ ಕೂರಿಸುವವರ ಲೋಕವೇ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಆಕ್ಸೆಸರಿ ಅಂಗಡಿಗಳಲ್ಲಿ ಅದರ ವಿವರಣೆ ಎರಡೇ ಮಾತಿನಲ್ಲಿ ಮುಗಿಯುತ್ತದೆ: "ಪಿಕಪ್ ಜಾಸ್ತಿ ಆಗುತ್ತೆ ಸಾರ್, ಸೌಂಡೂ ಚೆನ್ನಾಗಿ ಬರುತ್ತೆ." ಈ ಎರಡು ಮಾತುಗಳಲ್ಲಿ ಯಾವುದು ಎಷ್ಟು ನಿಜ ಎಂದು ಅಂಕಿಗಳ ಬೆನ್ನು ಹತ್ತಿ ಹೊರಟರೆ ಸಿಗುವ ಉತ್ತರ ದಂಗುಬಡಿಸುತ್ತದೆ. ಅದಕ್ಕೆ ಮೊದಲು ಎಂಜಿನ್ನಿನ ಹಸಿವು ಎಂಥದ್ದೆಂದು ನೋಡಿಬಿಡೋಣ.

ನಮ್ಮ ಯೋಗಶಾಸ್ತ್ರದವರು ಮನುಷ್ಯನ ಒಂದು ದಿನದ ಉಸಿರನ್ನು ಎಣಿಸಿಟ್ಟಿದ್ದಾರೆ: 21,600. ನಿಮಿಷಕ್ಕೆ 15ರಂತೆ 24 ಗಂಟೆಗೆ ಲೆಕ್ಕ ಕರಾರುವಾಕ್ಕು. ಈಗ ನಾಲ್ಕು ಸಿಲಿಂಡರಿನ, 1,197 ಸಿ.ಸಿ.ಯ, ರಸ್ತೆಯಲ್ಲಿ ಎಲ್ಲೆಲ್ಲೂ ಕಾಣುವ ಹಿಂದಿನ ತಲೆಮಾರಿನ ಮಾರುತಿ ಸ್ವಿಫ್ಟನ್ನು ತೆಗೆದುಕೊಳ್ಳಿ. 3,000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ 6,000 ಗುಟುಕು ಗಾಳಿ ಎಳೆಯುತ್ತದೆ. 21,600 ಉಸಿರು ಮುಗಿಸಲು ಅದಕ್ಕೆ ಬೇಕಾದ ಸಮಯ ಮೂರು ನಿಮಿಷ 36 ಸೆಕೆಂಡ್. ಒಂದು ದೊಡ್ಡ ಸಿಗ್ನಲ್ಲಿನಿಂದ ಮುಂದಿನ ಸಿಗ್ನಲ್ಲಿಗೆ ಹೋಗುವಷ್ಟರಲ್ಲಿ ನಮ್ಮ ಒಂದು ದಿನ ಕಳೆದುಹೋಯಿತು!

ಇನ್ನೂ ಸೋಜಿಗವೆಂದರೆ, ಈ ಗುಟುಕು ನಮ್ಮದಕ್ಕಿಂತ ಚಿಕ್ಕದು. ನಾವು ಸುಮ್ಮನೆ ಕೂತಾಗ ಒಂದು ಉಸಿರಿಗೆ ಎಳೆದುಕೊಳ್ಳುವುದು ಅರ್ಧ ಲೀಟರ್. ಸ್ವಿಫ್ಟಿನ ಒಂದು ಸಿಲಿಂಡರ್ ಎಳೆದುಕೊಳ್ಳುವುದು 300 ಮಿಲಿಲೀಟರ್ ಅಷ್ಟೇ. ಎಲ್ಲ ಆಟವೂ ವೇಗದ್ದು. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ 6,000 ಆರ್‌ಪಿಎಂಗೆ ಏರಿಸಿದರೆ ಸೆಕೆಂಡಿಗೆ 200 ಗುಟುಕು, ಒಂದೊಂದಕ್ಕೂ ಸೆಕೆಂಡಿನ ಇನ್ನೂರನೇ ಒಂದು ಭಾಗ. ಎಷ್ಟೇ ಚುರುಕಾಗಿ ಕಣ್ಣು ಮಿಟುಕಿಸಿದರೂ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ 20 ಗುಟುಕು ಒಳಗೆ. ಪ್ರತಿ ಗುಟುಕೂ ತುಂಬಿಯೇ ಬಂತೆಂದುಕೊಂಡರೆ ನಿಮಿಷಕ್ಕೆ ಸುಮಾರು 3,600 ಲೀಟರ್, ಎಂದರೆ 480 ಜನ ಒಟ್ಟಿಗೆ ಕೂತು ಉಸಿರಾಡುವಷ್ಟು.

ಇಷ್ಟು ಗಾಳಿ ಎಂಜಿನ್ನಿನ ಬಾಗಿಲಾದ ಥ್ರಾಟಲ್ಲಿನ ಬಾಯಿಯನ್ನು ದಾಟಬೇಕು. ಆ ಬಾಯಿ ಐದು ಸೆಂಟಿಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅಲ್ಲಿ ಗಾಳಿಯ ವೇಗ ಗಂಟೆಗೆ 110 ಕಿ.ಮೀ. ಹವಾಮಾನ ಇಲಾಖೆಯವರು 89ರಿಂದ 117 ಕಿ.ಮೀ. ವೇಗದ ಬಿರುಗಾಳಿಗೆ 'ತೀವ್ರ ಚಂಡಮಾರುತ' ಎಂದು ಹೆಸರಿಟ್ಟು ಮೀನುಗಾರರನ್ನು ದಡಕ್ಕೆ ಕರೆಯುತ್ತಾರೆ. ಕಾಫಿ ಲೋಟದ ಬಾಯಗಲದ ಕೊಳವೆಯೊಳಗೆ ಅಂಥದೊಂದು ಚಂಡಮಾರುತ, ನೀವು ಓವರ್‌ಟೇಕ್ ಮಾಡಿದಾಗಲೆಲ್ಲ!

ಆದರೆ ಇದೇ ಗಾಳಿ ಅರ್ಧ ಮೀಟರ್ ಹಿಂದೆ, ಫಿಲ್ಟರಿನ ಹತ್ತಿರ, ಹೇಗಿತ್ತು? ಹಳೆಯ ಕಾಗದದ ಫಿಲ್ಟರೊಂದನ್ನು ಬೆಳಕಿಗೆ ಹಿಡಿದು ನೋಡಿ. ಮೇಲ್ಗಡೆ ಬೂದು ಬಣ್ಣ, ಮಡಿಕೆಗಳ ಸಂದಿಯಲ್ಲಿ ಸತ್ತ ಹಾತೆ, ಗುಲ್‌ಮೊಹರಿನ ಒಣ ಎಸಳು, ಒಂದೆರಡು ಸೊಳ್ಳೆ. ಕೆಳಗಡೆ ಇನ್ನೂ ಹೊಸದರ ಹಾಗೆ ಬಿಳುಪು. ಅದು 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಇದ್ದು, 3 ಸೆಂಟಿಮೀಟರ್ ಆಳದ 60 ಮಡಿಕೆಗಳಿದ್ದರೆ, ಬಿಡಿಸಿ ಹಾಸಿದಾಗ 7,200 ಚದರ ಸೆಂಟಿಮೀಟರ್ ಆಗುತ್ತದೆ. ಡಬ್ಬದಲ್ಲಿ ಅದು ಹಿಡಿಯುವ ಜಾಗದ 14 ಪಟ್ಟಿಗೂ ಹೆಚ್ಚು. ಅಷ್ಟು ಅಗಲಕ್ಕೆ ಹರಡಿಕೊಂಡ ಗಾಳಿ ಕಾಗದವನ್ನು ದಾಟುವ ವೇಗ ಸೆಕೆಂಡಿಗೆ ಎಂಟು ಸೆಂಟಿಮೀಟರ್, ಗಂಟೆಗೆ 0.3 ಕಿ.ಮೀ. ಅದು ದೈತ್ಯ ಆಮೆಯ ನಡಿಗೆ! ಆಮೆಯಾಗಿ ಹೊರಟದ್ದು ಅರ್ಧ ಮೀಟರಿನಲ್ಲಿ ಚಂಡಮಾರುತ. ಈ ಎಂಟು ಸೆಂಟಿಮೀಟರನ್ನು ನೆನಪಿಡಿ, ಫಿಲ್ಟರ್ ಬದಲಿಸುವವರ ಭವಿಷ್ಯವೆಲ್ಲ ಅದರಲ್ಲಿದೆ.

ಇನ್ನು ಕಾರಿನ ಜೀವಮಾನದ ಲೆಕ್ಕ. ಒಂದೂವರೆ ಲಕ್ಷ ಕಿ.ಮೀ. ಓಡಿದ ಕಾರು ಲೀಟರಿಗೆ 15ರಂತೆ 10,000 ಲೀಟರ್ ಪೆಟ್ರೋಲ್ ಸುಟ್ಟಿರುತ್ತದೆ. ಪೆಟ್ರೋಲಿನ ತೂಕ ಏಳೂವರೆ ಟನ್. ಗಾಳಿಯ ತೂಕ 110 ಟನ್. ಮೈಸೂರು ದಸರೆಯ ದೊಡ್ಡ ಆನೆಯೊಂದಕ್ಕೆ ಐದು ಟನ್ ಹಿಡಿದರೆ, ಪೆಟ್ರೋಲ್ ಒಂದೂವರೆ ಆನೆ. ಗಾಳಿ 22 ಆನೆ! 750 ಕಿಲೋದ ಚಿನ್ನದ ಅಂಬಾರಿಯಲ್ಲಿ ತೂಗಿದರೆ ಸುಮಾರು 147 ಅಂಬಾರಿ. ಗಾತ್ರ ಬೇಕೆ? 90,000 ಘನ ಮೀಟರ್. ವಿಜಯಪುರದ ಗೋಲ್ ಗುಮ್ಮಟದ ನೆಲ ಸುಮಾರು 1,700 ಚದರ ಮೀಟರ್, ಎತ್ತರ ಸುಮಾರು 51 ಮೀಟರ್. ಗುಮ್ಮಟದ ವಕ್ರವನ್ನು ಲೆಕ್ಕಿಸದೆ ನೆಲದಿಂದ ಶಿಖರದವರೆಗೆ ಚೌಕಾಕಾರವಾಗಿ ತುಂಬಿದರೂ ಒಂದು ಸಣ್ಣ ಕಾರಿನ ಆಯುಷ್ಯದ ಗಾಳಿ ಅದನ್ನು ತುಂಬಿ ಹೊರಗೆ ಚೆಲ್ಲುತ್ತದೆ.

ಸಣ್ಣ ಕಾರಿನದು ಇಷ್ಟಾಯಿತು. 2016ರಲ್ಲಿ ಬಂದ ಬುಗಾಟಿ ಶಿರಾನ್‌ಗೆ ಎಂಟು ಲೀಟರಿನ ಎಂಜಿನ್, 16 ಸಿಲಿಂಡರ್, ನಾಲ್ಕು ಟರ್ಬೊ, 1,500 ಅಶ್ವಶಕ್ತಿ. ಪೂರ್ತಿ ಬಲದಲ್ಲಿ ಅದು ನಿಮಿಷಕ್ಕೆ 60,000 ಲೀಟರ್ ಗಾಳಿ ನುಂಗುತ್ತದೆ, ಸೆಕೆಂಡಿಗೆ ಒಂದು ಸಾವಿರ ಲೀಟರ್. ಒಬ್ಬ ಮನುಷ್ಯನ ಐದೂವರೆ ದಿನದ ಉಸಿರು ಒಂದು ನಿಮಿಷದಲ್ಲಿ ಖಲಾಸ್! ಅದರ ಮುಂದೆ 2006ರ ಫಾರ್ಮುಲಾ 1 ಎಂಜಿನ್ ಬರೀ 2.4 ಲೀಟರಿನದು. ಆದರೆ ಆ ವರ್ಷ ಕಾಸ್‌ವರ್ತ್ ಕಂಪನಿಯ ಎಂಟು ಸಿಲಿಂಡರಿನ ಎಂಜಿನ್ ಮುಟ್ಟಿದ ವೇಗ 20,000 ಆರ್‌ಪಿಎಂ. ನಿಮಿಷಕ್ಕೆ 80,000 ಗುಟುಕು. ನಮ್ಮ ಯೋಗಿಯ 21,600 ಉಸಿರು ಅಲ್ಲಿ 16 ಸೆಕೆಂಡಿನ ಕೆಲಸ.

ನೆಲ ಬಿಟ್ಟು ಕಡಲಿಗಿಳಿದರೆ ಅಳತೆಗಳೇ ಬೇರೆ. 2006ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಎಂಬ ಕಂಟೇನರ್ ಹಡಗಿನ ಎಂಜಿನ್ 2,300 ಟನ್ ತೂಗುತ್ತದೆ, ಮೂರು ಅಂತಸ್ತಿನ ಮನೆಗಿಂತ ಎತ್ತರ. ಅದರ ಒಂದು ಸಿಲಿಂಡರ್ 96 ಸೆಂಟಿಮೀಟರ್ ಅಗಲ, ಪಿಸ್ಟನ್ ಒಂದೊಂದು ಸಲಕ್ಕೆ ಸಾಗುವ ದೂರ ಎರಡೂವರೆ ಮೀಟರ್. ನಿಂತ ಮನುಷ್ಯ ಕೈ ಎತ್ತಿದರೂ ಒಳಗೇ ಹಿಡಿಸುತ್ತಾನೆ. ಒಂದು ಸಿಲಿಂಡರಿನ ಅಳತೆ 1,800 ಲೀಟರ್, ಸ್ವಿಫ್ಟಿನ ಗುಟುಕಿನ 6,000 ಪಟ್ಟು. ಅಂಥ ಸಿಲಿಂಡರ್‌ಗಳು ಹದಿನಾಲ್ಕು.

ಇನ್ನು ಆಕಾಶ. ಏರ್‌ಬಸ್ ಎ350ಯ ರೆಕ್ಕೆಗೆ ತೂಗುಬಿದ್ದ ರೋಲ್ಸ್ ರಾಯ್ಸ್ ಟ್ರೆಂಟ್ ಎಕ್ಸ್‌ಡಬ್ಲ್ಯೂಬಿ ಎಂಜಿನ್ ನೆಲ ಬಿಟ್ಟೇಳುವಾಗ ಸೆಕೆಂಡಿಗೆ ಒಂದು ಟನ್ನಿಗೂ ಹೆಚ್ಚು ಗಾಳಿ ಎಳೆಯುತ್ತದೆ. ಸ್ವಿಫ್ಟ್ ತನ್ನ ಇಡೀ ಆಯುಷ್ಯದಲ್ಲಿ ಎಳೆದುಕೊಂಡ 110 ಟನ್, ಆ 22 ಆನೆಗಳು, ಅದಕ್ಕೆ ಎರಡು ನಿಮಿಷಕ್ಕೂ ಸಾಲದು. ವಿಮಾನಕ್ಕೆ ಇಂಥ ಎಂಜಿನ್ ಎರಡು. ಬಾಯಿಗೆ ಫಿಲ್ಟರ್ ಎಂಬುದೇ ಇಲ್ಲ!

ಕಾರಿಗೆ ಮಾತ್ರ ಫಿಲ್ಟರ್ ಬೇಕೇ ಬೇಕು. ಯಾಕೆಂದರೆ ಧೂಳಿನ ಎಣಿಕೆ ಗಾಳಿಯ ಎಣಿಕೆಗಿಂತ ಭಯಂಕರ. ನಮ್ಮ ದೇಶದ ಮಾನದಂಡ ಒಪ್ಪುವ ಗರಿಷ್ಠ ಧೂಳು ಘನ ಮೀಟರಿಗೆ 100 ಮೈಕ್ರೋಗ್ರಾಂ. ಆ ಮಿತಿಯಲ್ಲೇ ಓಡಾಡಿದ ಕಾರಿಗೆ ಒಂದೂವರೆ ಲಕ್ಷ ಕಿ.ಮೀ.ಯಲ್ಲಿ ಸೇರುವ ಧೂಳು ಒಂಬತ್ತು ಗ್ರಾಂ, ಒಂದು ಪವನು ಚಿನ್ನಕ್ಕಿಂತ ತುಸು ಹೆಚ್ಚು. ಇಷ್ಟೇನಾ ಎಂದು ಹಗುರಾಗಬೇಡಿ. ಹತ್ತು ಮೈಕ್ರಾನಿನ ಕಣಗಳೆಂದು ಲೆಕ್ಕ ಹಿಡಿದರೆ ಅದರಲ್ಲಿ ಸುಮಾರು 650 ಕೋಟಿ ಕಣಗಳಿವೆ. ಮಣ್ಣು ರಸ್ತೆಯಲ್ಲಿ ಜಲ್ಲಿ ಲಾರಿಯ ಹಿಂದೆ ಬಿದ್ದರಂತೂ ಧೂಳು ಇದರ ನೂರಾರು ಪಟ್ಟು ಏರುತ್ತದೆ.

ಇಲ್ಲಿ ಫಿಲ್ಟರುಗಳ ಜಾತಿ ಬೇರೆಯಾಗುತ್ತದೆ. ಕಂಪನಿಯಿಂದಲೇ ಬರುವ ಕಾಗದ ಒಂದು. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಶುರುವಾದ ಕೆ ಆಂಡ್ ಎನ್, ಇಟಲಿಯ ಬಿಎಂಸಿ, ಫ್ರಾನ್ಸಿನ ಗ್ರೀನ್ ಕಾಟನ್ ಮುಂತಾದವರ ಎಣ್ಣೆ ಸವರಿದ ಹತ್ತಿ ಇನ್ನೊಂದು. ಎಇಎಂ ಡ್ರೈಫ್ಲೋ, ಎಎಫ್‌ಇಯ ಪ್ರೋ ಡ್ರೈ ಎಸ್ ಥರದ ಎಣ್ಣೆ ಬೇಡದ ಒಣ ಸಿಂಥೆಟಿಕ್ ಬಟ್ಟೆ ಮೂರನೆಯದು. ಜಪಾನಿನ ಎಚ್‌ಕೆಎಸ್‌ನ ಅಣಬೆಯಂಥ ಸ್ಪಂಜು, ಬ್ಲಿಟ್ಜ್‌ನವರ ಸ್ಟೀಲ್ ಜಾಲರಿ ಇನ್ನೂ ಬೇರೆ. ಹತ್ತಿಯ ಫಿಲ್ಟರನ್ನು ಎಸೆಯುವಂತಿಲ್ಲ, ತೊಳೆದು ಮತ್ತೆ ಹಾಕಬೇಕು. ನೀರಿನಲ್ಲಿ ಒಳಗಿನಿಂದ ಹೊರಗೆ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಮಡಿಕೆ ಮಡಿಕೆಗೂ ಕೆಂಪು ಎಣ್ಣೆಯ ಸಣ್ಣ ಗೆರೆ ಎಳೆದು, ಅದು ಹತ್ತಿಯಲ್ಲಿ ಹರಡಿ ಬಿಳಿ ಕಲೆ ಎಲ್ಲೂ ಉಳಿಯದ ಹಾಗೆ ಕಾಯುವುದು ಒಂದು ಪೂಜೆಯ ಹಾಗೆ ನಡೆಯುತ್ತದೆ. ಕೆ ಆಂಡ್ ಎನ್ ತನ್ನ ಡಬ್ಬದೊಳಗೆ ಕೂರುವ ಫಿಲ್ಟರಿಗೆ ಈ ಸ್ನಾನ 80,000 ಕಿ.ಮೀ.ಗೊಮ್ಮೆ ಸಾಕು ಎನ್ನುತ್ತದೆ: ಭೂಮಿಗೆ ಎರಡು ಸುತ್ತು. ಅವರ ವಾರಂಟಿ ಹತ್ತು ಲಕ್ಷ ಮೈಲಿ, ಎಂದರೆ 16 ಲಕ್ಷ ಕಿ.ಮೀ. ಚಂದ್ರನಲ್ಲಿಗೆ ಹೋಗಿ ಬಂದು, ಮತ್ತೊಮ್ಮೆ ಹೋಗಿ ಬಂದರೂ 70,000 ಕಿ.ಮೀ. ವಾರಂಟಿ ಬಾಕಿ ಇರುತ್ತದೆ. ನಮ್ಮ ರಸ್ತೆಯ ಧೂಳಿನಲ್ಲಿ ಅಷ್ಟು ದಿನ ತೊಳೆಯದೆ ಬಿಡುವುದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಯಾವುದು ಚೆನ್ನಾಗಿ ಸೋಸುತ್ತದೆ? ಅಮೆರಿಕದಲ್ಲಿ ಡ್ಯುರಾಮ್ಯಾಕ್ಸ್ ಡೀಸೆಲ್ ಎಂಜಿನ್ನಿನ ಫಿಲ್ಟರುಗಳನ್ನು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ವಿಧಾನದಲ್ಲಿ ಒರೆಗೆ ಹಚ್ಚಿದ ಪರೀಕ್ಷೆಯೊಂದು ಈ ಲೋಕದಲ್ಲಿ ಪ್ರಸಿದ್ಧ. ಕಂಪನಿಯ ಕಾಗದ ತಡೆದದ್ದು 99.93 ಶೇಕಡಾ. ಎಣ್ಣೆ ಹತ್ತಿ ತಡೆದದ್ದು 96.80 ಶೇಕಡಾ. ಎರಡಕ್ಕೂ ಡಿಸ್ಟಿಂಕ್ಷನ್ ಕೊಡೋಣ ಅನ್ನಿಸುತ್ತದೆ, ಅಲ್ಲವೇ? ತಡೆದದ್ದನ್ನು ಬಿಟ್ಟು ನುಸುಳಿದ್ದನ್ನು ನೋಡಿ: ಒಂದರಲ್ಲಿ 0.07, ಇನ್ನೊಂದರಲ್ಲಿ 3.2. ಎಂದರೆ 45 ಪಟ್ಟು! ನಮ್ಮ 650 ಕೋಟಿ ಕಣಗಳಲ್ಲಿ ಕಾಗದ ಒಳಗೆ ಬಿಡುವುದು 45 ಲಕ್ಷ. ಹತ್ತಿ ಬಿಡುವುದು 21 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.1 ಕೋಟಿ ಇತ್ತು. ಅದರ ಮೂರು ಪಟ್ಟಿಗೂ ಮಿಗಿಲಾದ ಧೂಳಿನ ಕಣಗಳು ಪಿಸ್ಟನ್ನಿನ ಹತ್ತಿರಕ್ಕೆ ಹೋದವು. ಪಟ್ಟಣದ ಡಾಂಬರಿನಲ್ಲಿ ಇದು ತೂಕದಲ್ಲಿ ಗ್ರಾಮಿನ ಮೂರನೇ ಒಂದು ಭಾಗವೂ ಆಗದು, ಕಾರು ಸುಮ್ಮನೆ ಸಹಿಸಿಕೊಳ್ಳುತ್ತದೆ. ಗಣಿ, ಕ್ವಾರಿ, ಹೊಲದ ದಾರಿಗಳಲ್ಲಿ ದಿನಾ ಓಡಾಡುವವರು ಮಾತ್ರ ಕಾಗದವನ್ನು ಬಿಡಬಾರದು.

ಈಗ ಪಿಕಪ್ಪಿನ ಮಾತು. ಫಿಲ್ಟರ್ ಗಾಳಿಗೆ ಒಡ್ಡುವ ಅಡ್ಡಿಯನ್ನು ಪರೀಕ್ಷಕರು ನೀರಿನ ಇಂಚುಗಳಲ್ಲಿ ಅಳೆಯುತ್ತಾರೆ. ವಾತಾವರಣದ ಒಟ್ಟು ಒತ್ತಡ ಅದೇ ಅಳತೆಯಲ್ಲಿ 407 ಇಂಚು. ಹೊಸ ಕಾಗದಕ್ಕೂ ಅದೇ ಗಾತ್ರದ ಹೊಸ ಹತ್ತಿಗೂ ಸಾಮಾನ್ಯವಾಗಿ ಇರುವ ಅಂತರ ಒಂದೆರಡು ಇಂಚು. ಉದಾರವಾಗಿ ಎರಡು ಇಂಚೆಂದೇ ಹಿಡಿಯಿರಿ. 407ರಲ್ಲಿ ಎರಡು, ಅಂದರೆ ಅರ್ಧ ಶೇಕಡಾ. ಸ್ವಿಫ್ಟಿನ 83 ಅಶ್ವಶಕ್ತಿಯಲ್ಲಿ 0.4. ಅರ್ಧ ಕುದುರೆಯೂ ಇಲ್ಲ! ಗಾಳಿ ಕಾಗದವನ್ನು ದಾಟುತ್ತಿದ್ದುದು ಆಮೆಯ ನಡಿಗೆಯಲ್ಲಿ ಎಂದೆನಲ್ಲ, ಅಷ್ಟು ನಿಧಾನವಾಗಿ ಹೋಗುವವನಿಗೆ ಬಾಗಿಲು ಎಷ್ಟು ಅಗಲ ಮಾಡಿದರೇನು?

ಇದನ್ನೇ ಎತ್ತರದಲ್ಲಿ ಹೇಳಿದರೆ ಇನ್ನೂ ಸ್ಪಷ್ಟ. ಬೆಟ್ಟ ಹತ್ತಿದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ಬಲ ಇಳಿಯುತ್ತದೆ. ಎರಡು ಇಂಚು ನೀರಿನ ಒತ್ತಡ ಸುಮಾರು 46 ಮೀಟರ್ ಎತ್ತರಕ್ಕೆ ಸಮ. ಬೆಂಗಳೂರಿನ ವಿಧಾನಸೌಧದ ಎತ್ತರವೂ 46 ಮೀಟರ್. ಸಾವಿರಾರು ರೂಪಾಯಿ ಕೊಟ್ಟು ಹಾಕಿದ ಫಿಲ್ಟರ್ ಮಾಡುವ ಉಪಕಾರ ಇಷ್ಟು: ವಿಧಾನಸೌಧದ ಗುಮ್ಮಟದ ತುದಿಯಲ್ಲಿ ಓಡುತ್ತಿದ್ದ ಕಾರನ್ನು ಕೆಳಗಿನ ರಸ್ತೆಗೆ ಇಳಿಸಿದಂತೆ. ಅದೇ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ನೀವು ಇಳಿಯುವುದು 920 ಮೀಟರ್, 20 ವಿಧಾನಸೌಧ! ಪೈಸೆ ಖರ್ಚಿಲ್ಲದೆ ಇಪ್ಪತ್ತು ಫಿಲ್ಟರ್ ಬದಲಿಸಿದಷ್ಟು ಬಲ. ಟರ್ಬೊ ಎಂಜಿನ್ನುಗಳಲ್ಲಿ ಲಾಭ ಸ್ವಲ್ಪ ಹೆಚ್ಚು ಬರಬಹುದು, ಆದರೆ ಅಂಗಡಿಯವರು ಹೇಳುವಷ್ಟು ಅಲ್ಲ.

ತೆರೆದ ಕೋನ್ ಫಿಲ್ಟರಿನದು ಇನ್ನೂ ದೊಡ್ಡ ಕಥೆ. ಡಬ್ಬವನ್ನೇ ಕಿತ್ತು, ಎಂಜಿನ್ನಿನ ಪಕ್ಕದಲ್ಲಿ ಬೆತ್ತಲೆಯಾಗಿ ಕೂರಿಸುವ ಫಿಲ್ಟರ್ ಅದು. ಹೊರಗೆ 30 ಡಿಗ್ರಿ ಇದ್ದಾಗ ಬಾನೆಟ್ಟಿನೊಳಗೆ ನಿಂತ ಗಾಳಿ 60 ಡಿಗ್ರಿ ಮುಟ್ಟಿತು ಎಂದುಕೊಳ್ಳಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಕಾರಿಗೆ ಅದೇನೂ ಹೆಚ್ಚಲ್ಲ. ಗಾಳಿಯ ತೂಕ ಒಂಬತ್ತು ಶೇಕಡಾ ಕಡಿಮೆಯಾಗುತ್ತದೆ. ಗಳಿಸಿದ್ದು ಅರ್ಧ ಶೇಕಡಾ, ಕಳೆದದ್ದು ಒಂಬತ್ತು. ವಿಧಾನಸೌಧದಿಂದ ಇಳಿಸಿದ ಕಾರನ್ನು ಮಂಗಳೂರಿನಿಂದ ಪೂರ್ತಿ ಘಟ್ಟ ಹತ್ತಿಸಿ ನಿಲ್ಲಿಸಿದಂತಾಯಿತು! ಕೋನ್ ಹಾಕಲೇಬೇಕೆಂದಿದ್ದರೆ ಬಂಪರಿನ ತಣ್ಣನೆ ಗಾಳಿಯನ್ನು ಎಳೆಯುವ, ಸುತ್ತ ಗೋಡೆಯಿರುವ ಕಿಟ್ ಹಾಕಿ. ಬಿಎಂಸಿಯ, ಈವೆಂಟುರಿಯ ಕಾರ್ಬನ್ ಡಬ್ಬಗಳಿಗೆ ಅಷ್ಟೊಂದು ಬೆಲೆ ಬರುವುದಕ್ಕೆ ಇದೂ ಒಂದು ಕಾರಣ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡುತ್ತೇನೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಹೊಸ ಕಾಲದ ಕಾರುಗಳಿಗೆ ಕಟ್ಟಿಹೋದ ಫಿಲ್ಟರ್ ಹಾಕಿ ಅಳೆದು ನೋಡಿತು. ಮೈಲೇಜ್ ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ಆದರೆ ಕಟ್ಟಿದ್ದನ್ನು ತೆಗೆದು ಹೊಸತು ಹಾಕಿದಾಗ ಪಿಕಪ್ 6ರಿಂದ 11 ಶೇಕಡಾ ಸುಧಾರಿಸಿತು. ಕೆಲವು ನೂರು ರೂಪಾಯಿಯ ಹೊಸ ಕಾಗದ, ಹಲವು ಸಾವಿರದ ಹತ್ತಿಯ ಅರ್ಧ ಶೇಕಡಾದ 12ರಿಂದ 22 ಪಟ್ಟು ಕೊಟ್ಟಿತು! ಕೆಂಪು ಫಿಲ್ಟರ್ ಹಾಕಿಸಿಕೊಂಡು ಬಂದವರು ಪಿಕಪ್ ಹೆಚ್ಚಿತು ಎಂದು ಆಣೆ ಮಾಡಿ ಹೇಳುವುದರಲ್ಲಿ ಸುಳ್ಳಿಲ್ಲ. ಅವರು ತೆಗೆದು ಎಸೆದ ಹಳೆಯದು ಎಷ್ಟು ಕೊಳೆಯಾಗಿತ್ತು ಎಂದು ಯಾರೂ ಕೇಳುವುದಿಲ್ಲ, ಅಷ್ಟೇ.

ಹಾಗಾದರೆ ಈ ಫಿಲ್ಟರುಗಳಿಗೆ ಹಣ ಸುರಿಯುವುದು ವ್ಯರ್ಥವೇ? ಖಂಡಿತ ಅಲ್ಲ, ಏಕೆಂದರೆ ಇನ್ನು ಬರುವುದು ಸದ್ದು. ಅಂಕಿಗಳು ಇಲ್ಲಿ ಹುಚ್ಚೆದ್ದು ಕುಣಿಯುತ್ತವೆ.

ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ನೂರು ಸಲ ಗಾಳಿ ಎಳೆದರೆ ಅದರ ಶ್ರುತಿ 100 ಹರ್ಟ್ಸ್. 6,000ಕ್ಕೆ ಏರಿದರೆ 200, ಸರಿಯಾಗಿ ಒಂದು ಸ್ಥಾಯಿ ಮೇಲೆ. ಐದು ಮನೆ ಶ್ರುತಿಯಲ್ಲಿ ಹಾಡುವ ಗಾಯಕಿಯ ಆಧಾರ ಷಡ್ಜ 196 ಹರ್ಟ್ಸ್. ಎಂಜಿನ್ ವೇಗದ ಮೇಲ್ಮಿತಿಯಾದ ರೆಡ್‌ಲೈನಿನ ಹತ್ತಿರ ಸ್ವಿಫ್ಟ್ ಮುಟ್ಟುವುದು ಹೆಚ್ಚುಕಡಿಮೆ ಅದೇ ಸ್ವರವನ್ನು. ಕಂಪನಿಯ ಡಬ್ಬದ ಕೆಲಸ ಈ ಸ್ವರದ ಬಾಯಿ ಮುಚ್ಚಿಸುವುದು. ಡಬ್ಬವನ್ನು ಹಾಗೇ ಬಿಟ್ಟು ಒಳಗಿನ ಕಾಗದ ತೆಗೆದು ಹತ್ತಿ ಹಾಕಿದರೆ ದನಿ ತುಸು ಮಾತ್ರ ಬಿಚ್ಚಿಕೊಳ್ಳುತ್ತದೆ, ಬೇರೆಯವರಿಗೆ ಗೊತ್ತೂ ಆಗುವುದಿಲ್ಲ. ಕಾರ್ಬನ್ ಡಬ್ಬದಲ್ಲಿ ಆಳದ ಹೂಂಕಾರ. ತೆರೆದ ಅಣಬೆಯಲ್ಲಿ ಪೂರ್ತಿ ಘರ್ಜನೆ. ಟರ್ಬೊ ಇದ್ದರೆ ಜೊತೆಗೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಬುಸ್ ಎನ್ನುವ ನಿಟ್ಟುಸಿರು.

ಒಳಗೆ ಕೂತವನ ಕಿವಿಗೆ ಆ ಘರ್ಜನೆ 80 ಡೆಸಿಬೆಲ್ ಮುಟ್ಟಿತು ಎನ್ನಿ. ಅದು ಗಾಳಿಯ ಒತ್ತಡದಲ್ಲಿ ಎಬ್ಬಿಸುವ ಅಲೆ 0.2 ಪ್ಯಾಸ್ಕಲ್. ವಾತಾವರಣದ ಒತ್ತಡ ಒಂದು ಲಕ್ಷ ಪ್ಯಾಸ್ಕಲ್. ಐದು ಲಕ್ಷದಲ್ಲಿ ಒಂದು ಪಾಲು! ಮತ್ತೆ ಎತ್ತರಕ್ಕೆ ತಿರುಗಿಸಿ: ಎರಡು ಸೆಂಟಿಮೀಟರಿಗೂ ಕಡಿಮೆ. ಕುರ್ಚಿಯಲ್ಲಿ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದರೆ ನಿಮ್ಮ ಕಿವಿಯ ಮೇಲಿನ ಒತ್ತಡ ಬದಲಾಗುವುದು ಅದಕ್ಕಿಂತ ಹೆಚ್ಚು. ಬಲದ ಲೆಕ್ಕದಲ್ಲಿ ಫಿಲ್ಟರ್ ಕೊಟ್ಟದ್ದು 46 ಮೀಟರ್, ಸದ್ದಿನ ಲೆಕ್ಕದಲ್ಲಿ ಎರಡು ಸೆಂಟಿಮೀಟರ್, ಎರಡು ಸಾವಿರ ಪಟ್ಟಿಗೂ ಹೆಚ್ಚಿನ ಅಂತರ. ಆ 46 ಮೀಟರನ್ನು ಸೀಟಿನಲ್ಲಿ ಕೂತ ಯಾವ ದೇಹವೂ ಗುರುತಿಸಲಾರದು. ಈ ಎರಡು ಸೆಂಟಿಮೀಟರಿಗೆ ಮೈ ಜುಮ್ಮೆನ್ನುತ್ತದೆ, ತೋಳಿನ ಕೂದಲು ನೆಟ್ಟಗಾಗುತ್ತದೆ!

ಯಾಕೆಂದರೆ ಕಿವಿ ಅಷ್ಟು ಸೂಕ್ಷ್ಮ. ಒಳ್ಳೆಯ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು 20 ಮೈಕ್ರೋಪ್ಯಾಸ್ಕಲ್. ಎತ್ತರದಲ್ಲಿ ಹೇಳಿದರೆ ಎರಡು ಮೈಕ್ರಾನಿಗೂ ಕಡಿಮೆ, ಕೂದಲೆಳೆಯ ದಪ್ಪದ ಮೂವತ್ತನೇ ಒಂದು ಪಾಲಿಗಿಂತ ಚಿಕ್ಕದು. ಆ ಸದ್ದಿಗೆ ಕಿವಿಯ ತಮಟೆ ಅಲುಗುವ ದೂರ ಒಂದು ಹೈಡ್ರೋಜನ್ ಪರಮಾಣುವಿಗಿಂತ ಕಡಿಮೆ. ಅಲ್ಲಿಂದ 120 ಡೆಸಿಬೆಲ್ಲಿನ ನೋವಿನ ಗಡಿಯವರೆಗೆ ಒತ್ತಡ ಹತ್ತು ಲಕ್ಷ ಪಟ್ಟು, ಶಕ್ತಿ ಒಂದು ಲಕ್ಷ ಕೋಟಿ ಪಟ್ಟು. ಇಂಥ ವಿಸ್ತಾರವಿರುವ ಮಾಪಕವನ್ನು ತಲೆಯ ಎರಡೂ ಕಡೆ ಹೊತ್ತು ತಿರುಗುವ ನಮಗೆ ಸದ್ದಿಗಾಗಿ ಫಿಲ್ಟರ್ ಕೊಳ್ಳುವವನು ದಡ್ಡನಾಗಿ ಕಾಣಬಾರದು. ಪಿಕಪ್ಪಿಗೆಂದು ಕೊಂಡವನಿಗೆ ಸಿಕ್ಕಿದ್ದು ಅರ್ಧ ಶೇಕಡಾ. ಸದ್ದಿಗೆಂದು ಕೊಂಡವನಿಗೆ, 10 ಡೆಸಿಬೆಲ್ ಏರಿದರೂ ಸಾಕು, ಶಕ್ತಿ ಹತ್ತು ಪಟ್ಟು, ಕಿವಿಗೆ ಎರಡು ಪಟ್ಟು. ಕೊಟ್ಟ ದುಡ್ಡು ಪೂರ್ತಿ ವಸೂಲಾಗುವುದು ಇಲ್ಲಿಯೇ. ಬೀದಿಯಲ್ಲಿ ನಡುರಾತ್ರಿ ಮಲಗಿರುವವರ ಕಿವಿಯೂ ಅಷ್ಟೇ ಸೂಕ್ಷ್ಮ ಎನ್ನುವುದನ್ನು ಮರೆಯದಿದ್ದರಾಯಿತು.

ಈ ಸತ್ಯವನ್ನು ಜಪಾನಿನವರು ಪೂರ್ತಿ ಅರಿತಿದ್ದರು. 2010ರಿಂದ 2012ರವರೆಗೆ ಲೆಕ್ಸಸ್ ಕಟ್ಟಿದ ಎಲ್‌ಎಫ್‌ಎ ಕಾರುಗಳು ಬರೀ 500. ಅದರ ಹತ್ತು ಸಿಲಿಂಡರಿನ ಎಂಜಿನ್ನಿನ ದನಿಯನ್ನು ಹದ ಮಾಡಲು ಕರೆದದ್ದು ಪಿಯಾನೊ, ಗಿಟಾರ್ ಮಾಡುವ ಯಮಹಾ ಬಳಗದವರನ್ನು. ಸುಮ್ಮನೆ ಗುರುಗುಡುವ ಸ್ಥಿತಿಯಿಂದ 9,000 ಆರ್‌ಪಿಎಂಗೆ ಆ ಎಂಜಿನ್ ಏರಲು 0.6 ಸೆಕೆಂಡ್ ಸಾಕು. ಮುಳ್ಳಿನ ಮೀಟರ್ ಅದನ್ನು ಹಿಂಬಾಲಿಸಲಾರದು ಎಂದು ಡಿಜಿಟಲ್ ಪರದೆ ಇಟ್ಟರು. 9,000ದಲ್ಲಿ ಅದು ಗಾಳಿ ಎಳೆಯುವುದು ಸೆಕೆಂಡಿಗೆ 750 ಸಲ, ಸ್ವಿಫ್ಟಿಗಿಂತ ಹತ್ತಿರ ಹತ್ತಿರ ಎರಡು ಸ್ಥಾಯಿ ಮೇಲೆ. ಕಾಸ್‌ವರ್ತಿನ ಆ ಫಾರ್ಮುಲಾ 1 ಎಂಜಿನ್ 20,000ದಲ್ಲಿ ಸೆಕೆಂಡಿಗೆ 1,333 ಸಲ!

ಇದನ್ನೂ ಮೀರಿಸಿದ ಸದ್ದು ಬೇಕಾದರೆ ಅಮೆರಿಕದ ಟಾಪ್ ಫ್ಯೂಯಲ್ ಡ್ರ್ಯಾಗ್‌ಸ್ಟರುಗಳ ಹತ್ತಿರ ಹೋಗಬೇಕು. 8.2 ಲೀಟರಿನ ಎಂಜಿನ್, 11,000 ಅಶ್ವಶಕ್ತಿ. ಒಂದೇ ಕಾರಿನಲ್ಲಿ 132 ಸ್ವಿಫ್ಟ್! ನಿಂತಲ್ಲಿಂದ ಹೊರಟು 305 ಮೀಟರ್ ದೂರವನ್ನು ನಾಲ್ಕು ಸೆಕೆಂಡಿನೊಳಗೆ ಮುಗಿಸಿ, ಗಂಟೆಗೆ 500 ಕಿ.ಮೀ. ದಾಟಿದ ವೇಗದಲ್ಲಿ ಗೆರೆ ದಾಟುತ್ತವೆ. ಗಾಳಿ ಎಳೆಯುವ ಬಾಯಿ ಚಾಲಕನ ಬೆನ್ನ ಹಿಂದೆ, ಆಕಾಶಕ್ಕೆ ಎದ್ದುನಿಂತಿದೆ. ಅದಕ್ಕೂ ಫಿಲ್ಟರ್ ಇಲ್ಲ. ಹತ್ತಿರದಲ್ಲಿ ಅದರ ಸದ್ದು 150 ಡೆಸಿಬೆಲ್. ಎಂದರೆ 630 ಪ್ಯಾಸ್ಕಲ್. ಎತ್ತರದ ಲೆಕ್ಕದಲ್ಲಿ ಅದು 50 ಮೀಟರನ್ನೂ ಮೀರಿತು: ಅಲ್ಲಿ ನಿಂತವರ ಎದೆಗೂಡನ್ನು ಸೆಕೆಂಡಿಗೆ ಐನೂರು ಸಲ ವಿಧಾನಸೌಧದ ಬುಡದಿಂದ ತುದಿಗೆತ್ತಿ, ತುದಿಯಿಂದ ಬುಡಕ್ಕಿಳಿಸಿದಷ್ಟು.